ಹಿತಕಿದ ಬೇಳೆಯ ಸಂಜೆ

ಮಾಗಿಯ ಚಳಿ ಹಿಂದೆಗೆಯುವ ಈ ದಿನಗಳಲ್ಲಿ ಮುಂಬಯಿ, ಪುಣೆಯ ಪೇಟೆಗಳಲ್ಲಿ ‘ಪಾವಟಾ’ ಎಂದು ಮಾರುವುದು ನಮ್ಮ ಅವರೆಯೇ. ಊರಿನ ಸೊಗಡು ಅಷ್ಟಿರಲಿಕ್ಕಿಲ್ಲ; ಇರಲಿ. ಬಲಿತ ಕಾಯಿ ಸುಲಿದು, ಕಾಳನ್ನು ಬೆಳಿಗ್ಗೆಯೇ ನೆನೆಹಾಕಿ. ಸಂಜೆ ಪಾಠ ಮುಗಿಸಿದ ಮಕ್ಕಳನ್ನು ಪರಾತದ ಸುತ್ತ ಕೂರಿಸಿಕೊಳ್ಳಿ. ಬೆರಳ ನಡುವೆ ಹಿತಕಿದ ಬೇಳೆ ಹಾರಿ ಅಪ್ಪನ ಕನ್ನಡಕಕ್ಕೆ ತಗುಲೀತು! ಗದರಬೇಡಿ.

ನಮ್ಮ ಕಿರಿಯವನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವವನು. ಕಳೆದ ವರ್ಷ ಹೀಗೆ ಕುಳಿತಾಗ ಈ ಕೆಲಸಕ್ಕೆ ಹಿಂದಿ ಮಾತು ಹುಡುಕಿ ಸೋತು, “ಅಮ್ಮಾ, ನಾನೂ ಹಿತಕ್ತೀನಿ” ಎಂದ. ರಾತ್ರಿ ಫೋನಿನಲ್ಲಿ ಅಜ್ಜಿಗೂ ಅದನ್ನೇ ಹೇಳಿದ. ಅವರು ಗಳಿಗೆ ಹೊತ್ತು ಮಾತೇ ಆಡಲಿಲ್ಲ.

ಸಿಪ್ಪೆ ಗುಡಿಸುವ ಕೆಲಸವೂ ಮಕ್ಕಳದೇ ಆಗಲಿ. ಸಾರಿಗೆ ತೆಂಗಿನತುರಿಯಲ್ಲಿ ಜಿಪುಣತನ ಬೇಡ.