ಹಾವಿಗೆ ಹಾಲು, ಬೆಕ್ಕಿಗೆ ಅನ್ನ: ಇದು ದಯೆಯೇ?

ಭಗವಾನ್ ಪಾರ್ಶ್ವನಾಥರ ಲಾಂಛನ ಸರ್ಪ. ಉರಿಯುವ ಕಟ್ಟಿಗೆಯೊಳಗಿದ್ದ ಹಾವಿನ ಜೋಡಿಗೆ ಸ್ವಾಮಿಯು ಸದ್ಗತಿ ದೊರಕಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದರೂ ನಾಗರಪಂಚಮಿಯಂದು ಹಾವಾಡಿಗನ ಬುಟ್ಟಿಯ ಮುಂದೆ ಹಾಲಿನ ಬಟ್ಟಲು ಹಿಡಿಯುವವರು ನಮ್ಮಲ್ಲೂ ಉಂಟು.

ಹಾಲು ಹಾವಿನ ಆಹಾರವಲ್ಲ. ಇಲಿ, ಕಪ್ಪೆಗಳನ್ನು ಇಡಿಯಾಗಿ ನುಂಗಿ ವಾರಗಟ್ಟಲೆ ಉಪವಾಸವಿರಬಲ್ಲ ಜೀವಿ ಅದು. ನೀರು ಕೊಡದೆ ಬಾಯಾರಿಸಿಟ್ಟ ಹಾವು ಎದುರಿಗಿಟ್ಟದ್ದನ್ನು ಕುಡಿಯುತ್ತದೆ. ಆ ಹಾಲು ಅರಗದೆ ನರಳುತ್ತದೆ. ನಾಗರಹಾವನ್ನು ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೂ ಹೌದು.

ಬೆಕ್ಕಿನ ಪಾಡೂ ಹೀಗೆಯೇ. ಬರೀ ಹಾಲು-ಅನ್ನ ತಿನ್ನುವ ಬೆಕ್ಕಿಗೆ ಟೌರಿನ್ ಎಂಬ ಸತ್ವ ಸಾಲದೆ ಕಣ್ಣು, ಹೃದಯ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲಿನಿಂದ ಭೇದಿಯಾಗುತ್ತದೆ. ಮಾಂಸ ಹಾಕುವುದು ನಮ್ಮಿಂದಾಗದು. ಅಂಗಡಿಯ ಇಲಿ ಹಿಡಿಯಲೆಂದು ಸಾಕಿದರೆ ಆ ಹಿಂಸೆಯ ಪಾಲು ಯಜಮಾನನಿಗೂ ಬರುತ್ತದೆ. ಬೆಕ್ಕು ಮೊದಲಾದವನ್ನು ಸಾಕುವುದನ್ನು 'ಕಾರ್ತಿಕೇಯಾನುಪ್ರೇಕ್ಷೆ' ಅನರ್ಥದಂಡದಲ್ಲಿ ಎಣಿಸಿರುವುದು ಇದಕ್ಕಾಗಿಯೇ.

ಧಾನ್ಯದ ಚೀಲಗಳನ್ನು ನೆಲದಿಂದ ಎತ್ತರದಲ್ಲಿಟ್ಟು, ಗೋಡೆಯ ಬಿಲಗಳನ್ನು ಮುಚ್ಚಿಸಿದರೆ ಇಲಿಯ ಕಾಟ ತಗ್ಗುತ್ತದೆ. ಪ್ರಾಣಿಪ್ರೀತಿ ಇರುವವರು ಹಸುವಿಗೆ ಮೇವು, ಹಕ್ಕಿಗಳಿಗೆ ಕಾಳು, ಬೇಸಿಗೆಯಲ್ಲಿ ಮಾಳಿಗೆಯ ಮೇಲೊಂದು ನೀರಿನ ತಟ್ಟೆ ಇಡಲಿ. ಯಾವ ಜೀವಿಗೆ ಯಾವುದು ಹಿತವೆಂದು ತಿಳಿದು ಕೊಡುವುದೇ ನಿಜವಾದ ಜೀವದಯೆ.