ತಂತಿಬೇಲಿಗೆ ತೊಂಡೆಬಳ್ಳಿ

ತಿಪಟೂರು ಬಳಿಯ ಬಿಳಿಗೆರೆ ಸೀಮೆಯ ತೆಂಗಿನ ತೋಟಗಳಿಗೆ ಹಿಂದೆ ಬೇಲಿಯೆಂದರೆ ಕತ್ತಾಳೆ, ಕಳ್ಳಿ, ಲಕ್ಕಿ, ಹೊಂಗೆ. ಅವುಗಳ ಮೇಲೆ ಯಾರೂ ನೆಡದ ಕಾಡುತೊಂಡೆ, ಮಂಗರವಳ್ಳಿ, ಅಮೃತಬಳ್ಳಿ ತಾವಾಗಿಯೇ ಹಬ್ಬುತ್ತಿದ್ದವು. ಈಗ ಆ ಜಾಗಕ್ಕೆ ಕಲ್ಲುಕಂಬ, ಮುಳ್ಳುತಂತಿ, ಕಬ್ಬಿಣದ ಜಾಲರಿ ಬರುತ್ತಿವೆ. ಜಾಗ ಉಳಿಯಿತು, ದನ ನುಗ್ಗುವುದೂ ನಿಂತಿತು. ಮರೆ ಮಾತ್ರ ಹೋಯಿತು. ತೋಟದ ಮನೆಯ ಬಚ್ಚಲು, ಕೊಟ್ಟಿಗೆ, ಕಾಯಿ ಸುಲಿಯುವ ಅಂಗಳ ಎಲ್ಲವೂ ರಸ್ತೆಗೆ ಕಾಣುತ್ತವೆ. ರಸ್ತೆಯ ದೂಳು ಅಡುಗೆಮನೆಗೆ ಬರುತ್ತದೆ.

ಹಲವರು ಹಸಿರು ಪ್ಲಾಸ್ಟಿಕ್ ಬಲೆ ಕಟ್ಟುತ್ತಾರೆ. ಬಿಸಿಲಿಗೆ ಅದು ಜೂಲಾಗಿ, ಚೂರು ಚೂರಾಗಿ ತೋಟದ ಮಣ್ಣು ಸೇರುತ್ತದೆ. ಒಂದೇ ಮಳೆಗಾಲದಲ್ಲಿ ಅದೇ ಕೆಲಸ ಮಾಡಿಕೊಡುವ ಬಳ್ಳಿಗಳು ಈ ನೆಲದಲ್ಲೇ ಇವೆ.

ಬಳ್ಳಿ ಆರಿಸುವ ಮೊದಲು ಅದು ಹೇಗೆ ಹತ್ತುತ್ತದೆ ಎಂದು ತಿಳಿದಿರಬೇಕು. ಇದನ್ನು ಹಗಲಿರುಳು ಕೂತು ನೋಡಿದವನು ಚಾರ್ಲ್ಸ್ ಡಾರ್ವಿನ್. ಕಾಯಿಲೆಯಿಂದ ಕೋಣೆ ಹಿಡಿದಿದ್ದಾಗ ಕುಂಡದಲ್ಲಿದ್ದ ಹಾಪ್ ಬಳ್ಳಿಯ ತುದಿ ಆಸರೆ ಹುಡುಕುತ್ತಾ ಗಾಳಿಯಲ್ಲಿ ಸುತ್ತುವುದನ್ನು ಅಳೆದ. ಸೆಕೆಯ ದಿನಗಳಲ್ಲಿ ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ! ಏರುಬಳ್ಳಿಗಳ ಕುರಿತ ಅವನ ದೀರ್ಘ ಪ್ರಬಂಧ 1865ರಲ್ಲಿ ಪ್ರಕಟವಾಯಿತು. ತೊಂಡೆ, ಹಾಗಲ, ಹೀರೆ ಸ್ಪ್ರಿಂಗಿನಂತೆ ಸುರುಳಿಯಾಗುವ ಎಳೆಗಳಿಂದ ಹಿಡಿಯುತ್ತವೆ. ಅವಕ್ಕೆ ತೆಳು ತಂತಿಯೇ ಸರಿ. ಅವರೆ, ಶಂಖಪುಷ್ಪ, ಅಮೃತಬಳ್ಳಿಗಳು ಕಾಂಡವನ್ನೇ ಆಸರೆಗೆ ಸುತ್ತಿಕೊಂಡು ಏರುತ್ತವೆ. ಕಾಗದದ ಹೂವು ಇವೆರಡನ್ನೂ ಮಾಡದು. ಮುಳ್ಳು ಸಿಕ್ಕಿಸಿ ಒರಗುತ್ತದೆ, ಕೈಯಾರೆ ಕಟ್ಟಬೇಕು.

ಈ ಸೀಮೆಗೆ ಮೊದಲ ಮರ್ಯಾದೆ ತೊಂಡೆಗೇ ಸಲ್ಲಬೇಕು. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಊರಿದರೆ ಎರಡು ಮೂರು ತಿಂಗಳಲ್ಲಿ ಕಾಯಿ. ಒಮ್ಮೆ ನೆಟ್ಟರೆ ಹಲವು ವರ್ಷ. ಬೀಜ ಹಾಕಬಾರದು. ತೊಂಡೆಯಲ್ಲಿ ಗಂಡು, ಹೆಣ್ಣು ಬಳ್ಳಿಗಳು ಬೇರೆ ಬೇರೆ. ಬೀಜದಿಂದ ಹುಟ್ಟಿದ್ದು ಗಂಡಾದರೆ ಎಲೆಯಷ್ಟೇ ಸಿಗುತ್ತದೆ. ಕಾಯಿ ಬಿಡುವ ಬಳ್ಳಿಯಿಂದಲೇ ಕಡ್ಡಿ ತರಬೇಕು. ಬಚ್ಚಲ ನೀರು ಹರಿಯುವ ಕಡೆ ನೆಟ್ಟರೆ ಬೇಸಿಗೆಯಲ್ಲೂ ಹಸಿರು. ಇದೇ ತೊಂಡೆ ಹವಾಯಿ, ಗುವಾಮ್ ದ್ವೀಪಗಳಲ್ಲಿ ಮರಗಳನ್ನೇ ಮುಚ್ಚುವ ಕಳೆಯಾಗಿದೆ. ಇಲ್ಲಿ ಅದರ ಹುಳುಹುಪ್ಪಟೆ, ಮೇಯುವ ಆಡು, ಕೊಯ್ಯುವ ಕೈ ಎಲ್ಲವೂ ಇರುವುದರಿಂದ ಆ ಭಯವಿಲ್ಲ.

ರಸ್ತೆ ಬದಿಗೆ ಶಂಖಪುಷ್ಪ ಚೆಂದ. ಬೀಜವನ್ನು ರಾತ್ರಿಯಿಡೀ ನೆನೆಸಿ ಬಿತ್ತಿದರೆ ಎರಡು ತಿಂಗಳ ಆಸುಪಾಸಿನಲ್ಲಿ ನೀಲಿ ಹೂವು; ದ್ವಿದಳವಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದು ಮಣ್ಣಿಗೂ ಕೊಡುತ್ತದೆ. ಚಪ್ಪರದವರೆ, ಹೀರೆ ಇನ್ನೂ ಬೇಗ ಹಬ್ಬುತ್ತವಾದರೂ ಬೇಸಿಗೆಗೆ ಒಣಗಿ ಬೇಲಿ ಮತ್ತೆ ಬೋಳಾಗುತ್ತದೆ. ಆದ್ದರಿಂದ ವರ್ಷದ ಬಳ್ಳಿಯ ಜೊತೆಗೆ ಬಹುವರ್ಷದ್ದೊಂದನ್ನು ಬೆರೆಸಿ ಹಾಕುವುದು ಜಾಣತನ. ಈಶ್ವರಿ ಬಳ್ಳಿಗೂ ಒಂದಿಷ್ಟು ಜಾಗ ಬಿಟ್ಟರೆ ಕ್ರಿಮ್ಸನ್ ರೋಸ್ ಚಿಟ್ಟೆ ಮೊಟ್ಟೆಯಿಡಲು ಹುಡುಕಿಕೊಂಡು ಬರುತ್ತದೆ. ಅದರ ಮರಿಹುಳುವಿಗೆ ಆ ಕುಲದ ಎಲೆಯೇ ಆಹಾರ.

2020ರ ಕೊರೊನಾ ಕಾಲದಲ್ಲಿ ಕಷಾಯಕ್ಕೆಂದು ಊರೆಲ್ಲ ಹುಡುಕಿದ ಅಮೃತಬಳ್ಳಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದರ ಕಾಂಡ ಕಡಿದು ಬಿಟ್ಟರೂ ಸಾಯದು. ದಾರದಂಥ ಬಿಳಲು ಇಳಿಬಿಟ್ಟು ಮತ್ತೆ ನೆಲ ಮುಟ್ಟುತ್ತದೆ. ಬೇಲಿಯಲ್ಲಿರಲಿ, ತೆಂಗಿನ ಬುಡಕ್ಕೆ ಬೇಡ. ಯಾವ ಬಳ್ಳಿಯೇ ಆಗಲಿ ತೆಂಗಿನ ಸುಳಿಯತ್ತ ಏರಲು ಬಿಡಬಾರದು. ಮಕ್ಕಳಿರುವ ಮನೆಯಲ್ಲಿ ಗುಲಗಂಜಿ ಬೇಡವೇ ಬೇಡ: ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದ ಆ ಕೆಂಪು ಬೀಜದೊಳಗೆ ಅಬ್ರಿನ್ ಎಂಬ ಕಡುವಿಷವಿದೆ.

ಮಳೆಯಲ್ಲಿ ನೆನೆದ ಬಳ್ಳಿ ಭಾರ. ಗಾಳಿ ಬೀಸಿದರೆ ಸಡಿಲ ಕಂಬ ವಾಲುತ್ತದೆ. ಕಲ್ಲುಕಂಬಗಳ ನಡುವೆ ಗ್ಲಿರಿಸಿಡಿಯಾ ಗೂಟ ನೆಟ್ಟರೆ ಅದೇ ಚಿಗುರಿ ಆಸರೆಯಾಗುತ್ತದೆ, ಸೊಪ್ಪು ತೆಂಗಿನ ಪಾತಿಗೆ ಗೊಬ್ಬರ. ಹುಳು, ರೋಗದ ಅನುಮಾನವಿದ್ದವರಿಗೆ ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಭರಣಿ ಮಳೆ ಬಿದ್ದು ನೆಲ ಹದವಾದ ವಾರವೇ ಕಡ್ಡಿ ಊರಿ. ಗೌರಿ ಹಬ್ಬದ ಹೊತ್ತಿಗೆ ಬೇಲಿಯಲ್ಲಿ ತೊಂಡೆಕಾಯಿ ಕೊಯ್ಯಬಹುದು.