ಹೂವಿನ ಹಸಿವಿಗೂ ಒಂದು ಅಳತೆ

ಉಡುಪಿ ಸಮೀಪದ ಕೆಮ್ಮಣ್ಣು ಎಂಬ ಊರಿನ ಹೆಸರಿನಲ್ಲೇ ಕೆಂಪು ಮಣ್ಣಿದೆ. ಕರಾವಳಿಯ ಮುರಕಲ್ಲು ಮಣ್ಣಿಗೆ ಆ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಕಬ್ಬಿಣ ಇಷ್ಟು ಹೇರಳವಾಗಿರುವ ಲೋಕದಲ್ಲಿ ಹೂಗಿಡವೊಂದು ಕಬ್ಬಿಣದ ಕೊರತೆಯಿಂದ ಬಿಳಿಚಿಕೊಳ್ಳುವುದುಂಟೇ? ಉಂಟು. ಪೋಷಕಾಂಶ ಇದ್ದರಷ್ಟೇ ಸಾಲದು, ಅದು ನೀರಿನಲ್ಲಿ ಕರಗಿ ಬೇರಿಗೆ ದಕ್ಕಬೇಕು. ಹಸಿರುಮನೆಯಲ್ಲಿ ಅಲಂಕಾರಿಕ ಹೂ ಬೆಳೆಯುವವರ ಲಾಭ ನಷ್ಟ ಈ ಸೂಕ್ಷ್ಮದ ಮೇಲೆ ನಿಂತಿದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹಸಿರುಮನೆಗಳಲ್ಲಿ ಗುಲಾಬಿ, ಜರ್ಬೆರಾ ಬೆಳೆಯುತ್ತಾರೆ. ಗೊಬ್ಬರವನ್ನು ನೀರಿನಲ್ಲಿ ಕರಗಿಸಿ ಹನಿ ನೀರಾವರಿಯ ಕೊಳವೆಯಲ್ಲಿ ಕೊಡುವುದು ಇಂಥ ಬೇಸಾಯದ ಕ್ರಮ. ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಬಳಸುವುದೂ ಇದೆ. ಗಿಡಕ್ಕೆ ಬೇಕಾದ 17 ಮೂಲವಸ್ತುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ ಮತ್ತು ನೀರಿನಿಂದ ದೊರೆಯುತ್ತವೆ. ಉಳಿದ 14ನ್ನು ಬೇರಿನ ಮೂಲಕವೇ ಒದಗಿಸಬೇಕು. 1938ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋಗ್ಲೆಂಡ್ ಮತ್ತು ಆರ್ನಾನ್ ಪ್ರಕಟಿಸಿದ ಪೋಷಕ ದ್ರಾವಣದ ಸೂತ್ರ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಆದರೆ ಎಲ್ಲ ಲವಣಗಳನ್ನೂ ಒಂದೇ ತೊಟ್ಟಿಯಲ್ಲಿ ಗಾಢವಾಗಿ ಕಲಸುವಂತಿಲ್ಲ. ಕ್ಯಾಲ್ಸಿಯಂ ನೈಟ್ರೇಟ್ ಜೊತೆಗೆ ಸಲ್ಫೇಟ್ ಸೇರಿದರೆ ಜಿಪ್ಸಂ ಗಷ್ಟಾಗಿ ತಳಕ್ಕಿಳಿದು ಹನಿ ನಳಿಕೆಗಳನ್ನು ಕಟ್ಟಿಬಿಡುತ್ತದೆ. ಅದಕ್ಕಾಗಿ ‘ಎ’ ಮತ್ತು ‘ಬಿ’ ಎಂಬ ಎರಡು ತೊಟ್ಟಿಗಳು. ಹೆಚ್ಚು ನೀರಿನಲ್ಲಿ ತೆಳುವಾದ ಮೇಲಷ್ಟೇ ಇವೆರಡರ ಭೇಟಿ.

ಮುಂದಿನದು ಪಿಎಚ್. ಇದು 5.5ರಿಂದ 6.5ರ ಒಳಗಿದ್ದರೆ ಒಳ್ಳೆಯದು. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನಲ್ಲಿರುವ ಬೈಕಾರ್ಬೊನೇಟ್ ಇದನ್ನು ಏರಿಸುತ್ತದೆ. ಆಗ ಕಬ್ಬಿಣ ಕರಗದ ರೂಪಕ್ಕೆ ತಿರುಗಿ, ಎಳೆಯ ಎಲೆಗಳು ನರ ಮಾತ್ರ ಹಸಿರಾಗುಳಿದು ಹಳದಿಯಾಗುತ್ತವೆ. ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕ ಅಥವಾ ಮೆಗ್ನೀಷಿಯಂ ಕೊರತೆಯ ಶಂಕೆ. ಇವು ಹಳೆಯ ಎಲೆಯಿಂದ ಹೊಸ ಚಿಗುರಿಗೆ ಸಾಗಬಲ್ಲವು, ಕಬ್ಬಿಣ ಹಾಗೆ ಸಾಗದು.

ಎಲೆ ಹಳದಿಯಾಯಿತೆಂದು ಗಾಬರಿಯಿಂದ ಇನ್ನಷ್ಟು ಗೊಬ್ಬರ ಸುರಿದರೆ ಅನಾಹುತ. ದ್ರಾವಣದ ಸಾಂದ್ರತೆ ಮಿತಿ ಮೀರಿದಂತೆ ಬೇರಿಗೆ ನೀರು ಹೀರುವುದೇ ಕಷ್ಟವಾಗುತ್ತದೆ. ನೀರಿನ ನಡುವೆಯೇ ಗಿಡ ಬಾಯಾರಿ ಬಾಡುತ್ತದೆ. ಇದನ್ನು ತಡೆಯಲು ವಿದ್ಯುತ್ ವಾಹಕತೆ, ಅಂದರೆ ಇಸಿ ಅಳೆಯುತ್ತಾರೆ. ಕರಗಿದ ಲವಣ ಹೆಚ್ಚಿದಷ್ಟೂ ವಾಹಕತೆ ಹೆಚ್ಚು. ಜರ್ಬೆರಾಕ್ಕೆ ಸುಮಾರು 1.5ರಿಂದ 2 ಮಿಲಿಸೀಮೆನ್ಸ್ ಸಾಕು. ಕುಂಡದಿಂದ ಬಸಿದ ನೀರಿನ ಅಂಕಿ ಕೊಟ್ಟ ನೀರಿಗಿಂತ ಬಹಳ ಏರಿದ್ದರೆ ಬೇರಿನ ಬಳಿ ಉಪ್ಪು ಕೂಡುತ್ತಿದೆ ಎಂದರ್ಥ. ಆಗ ಬೇಕಾದದ್ದು ಗೊಬ್ಬರವಲ್ಲ, ತೊಳೆಯುವ ತಿಳಿ ನೀರು.

ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬೇರುಸಹಿತ ಕಿತ್ತ ಎರಡು ಕರ್ಣಕುಂಡಲದ ಸಸಿಗಳಲ್ಲಿ ಒಂದನ್ನು ಬರಿಯ ನೀರಿನ ಲೋಟದಲ್ಲೂ ಇನ್ನೊಂದನ್ನು ಎರಡು ಚಮಚ ಉಪ್ಪು ಕರಗಿಸಿದ ನೀರಿನಲ್ಲೂ ಇಡಲಿ. ಕೆಲವು ಗಂಟೆಗಳಲ್ಲಿ ಎರಡನೆಯದು ತಲೆ ಬಾಗುತ್ತದೆ. ಪಠ್ಯದಲ್ಲಿ ಓದಿದ ಆಸ್ಮಾಸಿಸ್ ಎಂದರೇನೆಂದು ಆಗ ಬಾಯಿಪಾಠವಿಲ್ಲದೆಯೇ ತಿಳಿಯುತ್ತದೆ.